ಒರೆಸಿಕೊಂಡ ಕೈ

ಮೂರು ಗಂಟೆಗೆ ಕಟ್ರೀನ್ ಬರುತ್ತಾಳೆ, ಬೀಗದ ಕೈ ಮೇಜಿನ ಮೇಲಿಟ್ಟು ಕಾಗದಕ್ಕೊಂದು ಸಹಿ ಹಾಕಿ ಹೋಗುತ್ತಾಳೆ, ಅಷ್ಟೇ ತಾನೆ ಎಂದು ಫಿರ್ಮಿನ್ ಬೆಳಗಿನಿಂದ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಅಷ್ಟೇ ಆಗಿದ್ದರೆ ಏಳು ಗಂಟೆಗೆ ತಿಂದ ಬ್ರೆಡ್ಡು ಇನ್ನೂ ಎದೆಯಲ್ಲೇ ಯಾಕೆ ನಿಂತಿರಬೇಕಿತ್ತು? ಹೊರಗೆ ನವೆಂಬರಿನ ಮಂಜು ಕೊಳಗಳ ಮೇಲೆ ಕೂತಿತ್ತು. ಮೂರು ಊರುಗಳ ಬಚ್ಚಲು, ಕಕ್ಕಸು, ಅಡುಗೆಮನೆಗಳಿಂದ ಹರಿದು ಬಂದದ್ದೆಲ್ಲ ಆ ಕೊಳಗಳಲ್ಲಿ ನಿಧಾನವಾಗಿ ತಿರುಗಿ, ತಿಳಿಯಾಗಿ, ಮರಳು ದಾಟಿ, ಕ್ರಿಮಿ ಕೊಲ್ಲಲು ಹೊಸದಾಗಿ ಹಾಕಿದ ನೇರಳೆ ದೀಪದ ಕೊಳವೆ ದಾಟಿ, ಕೊನೆಗೆ ಈ ಕೋಣೆಯ ಗೋಡೆಯಲ್ಲಿದ್ದ ಹಿತ್ತಾಳೆ ನಲ್ಲಿಗೆ ಬರುತ್ತಿತ್ತು. ಮೂವತ್ತೊಂದು ವರ್ಷದಿಂದ ದಿನಾ ಮಾಡುವಂತೆ ಅವನು ಗಾಜಿನ ಲೋಟ ಹಿಡಿದು, ತುಂಬಿ, ಕಿಟಕಿಯ ಬೆಳಕಿಗೆ ಎತ್ತಿ ನೋಡಿದ. ಲೋಟದ ಆಚೆ ಬೇಲಿ ಕಂಡಿತು, ಬೇಲಿಯ ಆಚೆ ಮಂಜು ಕವಿದ ಕಟ್ರೀನಳ ಹೊಲ ಮಸುಕಾಗಿ ಕಂಡಿತು. ನೀರಿನಲ್ಲಿ ಏನೂ ಇರಲಿಲ್ಲ. ಏನೂ ಇಲ್ಲ ಎಂದು ಪುಸ್ತಕದಲ್ಲಿ ಬರೆದ. ನಂತರ ಪಕ್ಕದ ತೊಟ್ಟಿಯಲ್ಲಿ ಸೋಪು ಹಚ್ಚಿ ಮೊಳಕೈವರೆಗೆ ತೊಳೆದುಕೊಂಡ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಹಳೇ ಮೇಸ್ತ್ರಿ ಹೇಳಿಕೊಟ್ಟಿದ್ದು ಅದು. "ಇಲ್ಲಿ ಏನು ಮುಟ್ಟಿದ್ರೂ ಕೈ ತೊಳಿ. ಏನೂ ಮುಟ್ಟದಿದ್ರೂ ತೊಳಿ. ಸೋಪು ಸಿಗ್ಲಿಲ್ವೋ, ಪ್ಯಾಂಟಿಗಾದ್ರೂ ಒರೆಸ್ಕೋ. ಬಾಯಿಗೆ ಮಾತ್ರ ಕೈ ಹೋಗಕೂಡ್ದು." ಮೂವತ್ತೊಂದು ವರ್ಷದಲ್ಲಿ ಅದು ಮೈಗೆ ಹತ್ತಿಹೋಗಿತ್ತು. ಸಂಜೆ ಮನೆಗೆ ಹೋದರೆ ಗರಾಜಿನ ನಲ್ಲಿಯಲ್ಲಿ ಒಮ್ಮೆ, ಒಳಗೆ ಬಚ್ಚಲಲ್ಲಿ ಇನ್ನೊಮ್ಮೆ. ಹೆಂಡತಿ ಹಿಲ್ಡೆ ಅವನ ಬಟ್ಟೆಯನ್ನು ತನ್ನ ಬಟ್ಟೆಯ ಜೊತೆ ಎಂದೂ ಒಗೆಯಲು ಹಾಕಿದವಳಲ್ಲ. ಇದೆಲ್ಲ ಕಸುಬಿನ ಶಿಸ್ತು, ಅಸಹ್ಯವಲ್ಲ ಎಂದು ಅವನು ನಂಬಿದ್ದ. ಮಾರ್ಚ್ ತಿಂಗಳ ಆ ಭಾನುವಾರದವರೆಗೆ ನಂಬಿದ್ದ. ಆಮೇಲೆ ಯಾವುದು ಶಿಸ್ತು ಯಾವುದು ಅಸಹ್ಯ ಎಂದು ಬಿಡಿಸಿ ನೋಡಲು ಹೋದಾಗಲೆಲ್ಲ ಎರಡೂ ಒಂದೇ ನೂಲಿನಂತೆ ಹೊಸೆದುಕೊಂಡಿದ್ದವು.

ಆ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಾಲಿನಲ್ಲಿ ಸಭೆ. ಕಾಫಿ ಇತ್ತು, ಒಣದ್ರಾಕ್ಷಿ ಬ್ರೆಡ್ಡು ಇತ್ತು, ಹಾಗಾಗಿ ಜನವೂ ಇದ್ದರು. ಪ್ರಾಂತ್ಯದ ಕಚೇರಿಯಿಂದ ಬಂದ ಹೆಂಗಸು ಗೋಡೆಯ ಮೇಲೆ ಚಿತ್ರ ಬಿಟ್ಟು ವಿವರಿಸಿದಳು: ಬೇಸಿಗೆ ವರ್ಷದಿಂದ ವರ್ಷಕ್ಕೆ ಒಣಗುತ್ತಿದೆ, ಹೊಳೆಯಿಂದ ನೀರೆತ್ತಬಾರದೆಂದು ಆಜ್ಞೆ ಬರುತ್ತಿದೆ, ಇಲ್ಲಿ ಶುದ್ಧವಾದ ನೀರು ಸುಮ್ಮನೆ ಸಮುದ್ರ ಸೇರುತ್ತಿದೆ, ಕೊಳವೆ ಎಳೆದು ಕೊಡುತ್ತೇವೆ, ಹೊಲಕ್ಕೆ ಬಿಟ್ಟುಕೊಳ್ಳಿ. ಜನ ಬ್ರೆಡ್ಡು ಅಗಿಯುತ್ತ ಕೇಳಿದರು. ಆಮೇಲೆ ಕಾಫಿ ಬಿಯರು ಮಾರುವ ಅಂಗಡಿಯ ರೋಲಾಂಡ್ ಹಿಂದಿನ ಸಾಲಿನಿಂದ ಎದ್ದ. "ಅಷ್ಟು ಚೆನ್ನಾಗಿದ್ರೆ ಒಂದು ಲೋಟ ಕುಡಿದು ತೋರ್ಸಿ ನೋಡೋಣ." ಇವರೆಲ್ಲ ಮನೆಯ ನಲ್ಲಿ ನೀರನ್ನೇ ಕುಡಿಯದೆ ಅಂಗಡಿಯಿಂದ ಬಾಟಲಿಗಟ್ಟಲೆ ಹೊತ್ತು ತರುವ ಜನ, ಅವರ ಬಾಯಲ್ಲಿ ಆ ಪ್ರಶ್ನೆ. ಹೆಂಗಸು ಗಲಿಬಿಲಿಗೊಂಡು ಫಿರ್ಮಿನ್‌ನತ್ತ ತಿರುಗಿದಳು. ತೋರಿಸಲೆಂದು ಜಾಡಿಯಲ್ಲಿ ನೀರು ತಂದಿದ್ದವನು ಅವನೇ. ಲೋಟಕ್ಕೆ ಬಗ್ಗಿಸಿದ. ಎತ್ತಿದ. ತುಟಿಯ ಹತ್ತಿರ ತಂದಾಗ ಅದಕ್ಕೆ ವಾಸನೆ ಇರಲಿಲ್ಲ, ಬಣ್ಣ ಇರಲಿಲ್ಲ, ಅದರಲ್ಲಿ ಏನೇನು ಇಲ್ಲ ಎಂದು ಆ ಸಭೆಯಲ್ಲಿ ಅವನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಕೆಳಗಿಟ್ಟ. "ಇದು ಕುಡಿಯೋ ನೀರಲ್ಲ, ಗಿಡಕ್ಕೆ ಬಿಡೋ ನೀರು," ಎಂದ. ಅದರಲ್ಲಿ ತಪ್ಪೇನೂ ಇರಲಿಲ್ಲ, ನಿಯಮವೇ ಹಾಗೆ. ಮುಂದಿನ ಸಾಲಿನ ನಾಲ್ಕು ತಲೆ ಹೌದೆಂದು ಆಡಿದವು ಕೂಡ. ಅಷ್ಟಕ್ಕೇ ಬಿಟ್ಟಿದ್ದರೆ ಊರು ಮರೆಯುತ್ತಿತ್ತು. ಆದರೆ ಲೋಟ ಬಿಟ್ಟ ಕೈ ತಾನೇ ತಾನಾಗಿ ಕೆಳಗಿಳಿದು ಪ್ಯಾಂಟಿಗೆ ಒರೆಸಿಕೊಂಡಿತು. ಮೊದಲು ಅಂಗೈ, ಆಮೇಲೆ ಹಿಂಗೈ. ನಿಧಾನವಾಗಿ, ಚೊಕ್ಕವಾಗಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳತನವೇ ನಡೆದಿರಲಿಲ್ಲ, ಕುಂಬಳಕಾಯಿಯೂ ಇರಲಿಲ್ಲ, ಹೆಗಲು ಮಾತ್ರ ಮುಟ್ಟಿಕೊಂಡದ್ದಾಗಿತ್ತು. ಹಿಂದಿನ ಸಾಲಿನಿಂದ ನಗು ಎದ್ದು ಸಾಲು ಸಾಲಾಗಿ ಮುಂದೆ ಬಂತು. ಹೇಳಬಹುದಾಗಿದ್ದ ಮಾತು ಅವನ ಬಾಯಲ್ಲೇ ಇತ್ತು: ನಗ್ತೀರಲ್ಲ, ಮೂವತ್ತು ವರ್ಷದಿಂದ ನೀವೆಲ್ಲ ಪಂಪು ಹಾಕಿ ಎತ್ತಿಕೊಳ್ಳುವ ಮೋಲೆನ್‌ಬೇಕ್ ಹೊಳೆಗೆ ಬೀಳುವುದು ನನ್ನ ಈ ನೀರೇ, ಬೇಸಿಗೆಯಲ್ಲಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದೇ, ಅದೂ ಈ ದೀಪ ದಾಟದೆ ಬಂದದ್ದು. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅವನು ಜಾಡಿಯ ಮುಚ್ಚಳ ತಿರುಗಿಸುತ್ತ ನಿಂತ. ಆಗ ಎರಡನೇ ಸಾಲಿನಿಂದ ಕಟ್ರೀನ್ ಕೈಯೆತ್ತಿದಳು. "ನಂಗೆ ಬೇಕು ಆ ನೀರು. ನನ್ನ ಹೂಕೋಸು ಮೂಗು ಮುಚ್ಕೊಂಡು ಬೆಳೆಯಲ್ಲ," ಎಂದಳು. ಅದಕ್ಕೂ ನಕ್ಕರು. ಕೈಯೆತ್ತಿದವಳು ಅವಳೊಬ್ಬಳೇ.

ಅವಳು ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು. ಅವನ ತಾಯಿ ಆಸ್ಪತ್ರೆಯಲ್ಲಿದ್ದ ಒಂದು ಇಡೀ ಚಳಿಗಾಲ ಅವನಿಗೆ ಮಧ್ಯಾಹ್ನದ ಸೂಪು ಅವಳ ಮನೆಯಲ್ಲೇ. ಅವಳ ತಾಯಿ ಬಟ್ಟಲು ಮುಂದಿಡುವ ಮೊದಲು ಅವನ ಎರಡೂ ಕೈ ಹಿಡಿದು ತನ್ನ ಏಪ್ರನ್ನಿನಿಂದ ಒರೆಸುತ್ತಿದ್ದಳು, ಒಂದು ಮಾತೂ ಆಡದೆ, ತನ್ನ ಮಗಳ ಕೈ ಒರೆಸಿದ ಹಾಗೆಯೇ. ಒಲೆಯ ಪಕ್ಕ ಬುಟ್ಟಿಯಲ್ಲಿ ಕೆಂಪು ಉಲ್ಲನ್ ನೂಲು ಇರುತ್ತಿತ್ತು. ಆ ತಾಯಿ ತೀರಿಹೋದ ಮೇಲೂ ಆ ನೂಲು ಮುಗಿಯಲಿಲ್ಲ. ಹೂಕೋಸು ಬಿಸಿಲಿಗೆ ಹಳದಿ ತಿರುಗದಿರಲೆಂದು ಎಲೆಗಳನ್ನು ಮೇಲಕ್ಕೆ ಮಡಿಸಿ ಕಟ್ಟುತ್ತಾರಲ್ಲ, ಊರಿನವರೆಲ್ಲ ರಬ್ಬರ್ ಹಾಕಿದರೆ ಕಟ್ರೀನ್ ತಾಯಿಯ ಉಲ್ಲನ್ನೇ ಕತ್ತರಿಸಿ ಕಟ್ಟುತ್ತಿದ್ದಳು. ಯಾರ ಅಡುಗೆಮನೆಯಲ್ಲಿ ಕಂಡರೂ ಅದು ಅವಳ ಹೂಕೋಸು ಎಂದು ಗೊತ್ತಾಗುತ್ತಿತ್ತು. ಮೊದಲು ಅದು ಅವಳಿಗೆ ಹೆಮ್ಮೆಯ ವಿಷಯವಾಗಿತ್ತು.

ಬೇಸಿಗೆ ಹೇಳಿದ್ದಕ್ಕಿಂತ ಜೋರಾಗಿಯೇ ಬಂತು. ಜೂನ್ ಮುಗಿಯುವ ಮೊದಲೇ ಹೊಳೆಗೆ ಪಂಪು ಹಾಕಬಾರದೆಂದು ಆಜ್ಞೆಯಾಯಿತು. ಊರಿನ ಹೊಲಗಳೆಲ್ಲ ಹಂಚಿನ ಬಣ್ಣಕ್ಕೆ ತಿರುಗಿದವು, ಕಟ್ರೀನಳದ್ದೊಂದೇ ಹಸಿರು. ಸೋಮವಾರ ಸೋಮವಾರ ಅವಳು ಕೊಳಗಳ ಅಂಗಳಕ್ಕೆ ಸೈಕಲ್ಲಿನಲ್ಲಿ ಬಂದು, ತನ್ನ ಬೀಗದ ಕೈಯಿಂದ ಪೆಟ್ಟಿಗೆ ತೆಗೆದು, ವಾಲ್ವ್ ತಿರುಗಿಸಿ ಹೋಗುತ್ತಿದ್ದಳು. ರಸ್ತೆ ಬದಿಯಲ್ಲಿ ಅವಳದೊಂದು ಹಲಗೆಯ ಕಟ್ಟೆ, ಮೇಲೆ ತಗಡಿನ ಮಾಡು, ಕಾಸು ಹಾಕಲು ಒಂದು ಡಬ್ಬಿ. ಕಾಯುವವರು ಯಾರೂ ಇಲ್ಲ, ಬೇಕಾದ್ದು ತೆಗೆದುಕೊಂಡು ಹಾಕಬೇಕಾದ್ದು ಹಾಕಿ ಹೋಗುವುದು ಆ ಕಡೆಯ ಪದ್ಧತಿ. ಜುಲೈನಿಂದ ಅದರ ಮುಂದೆ ಕಾರು ನಿಲ್ಲುವುದು ನಿಂತುಹೋಯಿತು. ವೃದ್ಧಾಶ್ರಮದ ಅಡುಗೆಯವರು ಫೋನು ಮಾಡಿ, ಮುದುಕರ ಮಕ್ಕಳು ತಕರಾರು ಮಾಡುತ್ತಿದ್ದಾರೆ, ಈ ವರ್ಷ ಬೇಡ ಎಂದರು. ಊರಿನ ಬಾಯಿಗೆ ಬೀಗ ಹಾಕಲು ಯಾರಿಂದಾಗುತ್ತದೆ? ಇಲ್ಲಿ ಊರು ಬಾಯಿಯನ್ನೂ ತೆರೆಯಲಿಲ್ಲ. ಕಟ್ರೀನ್ ರೋಲಾಂಡ್‌ನ ಅಂಗಡಿಯೊಳಗೆ ಬಂದರೆ ಬಿಯರ್ ಹಿಡಿದು ಕೂತ ನಾಲ್ಕು ಜನ ಸುಮ್ಮನೆ ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಮೊದಲು ಅಂಗೈ, ಆಮೇಲೆ ಹಿಂಗೈ. ಫಿರ್ಮಿನ್ ಅದನ್ನು ಮೊದಲು ಕಂಡದ್ದು ಜುಲೈ ತಿಂಗಳ ಒಂದು ಶನಿವಾರ, ಬೇಕರಿಯ ಸಾಲಿನಲ್ಲಿ. ಹೂಕೋಸಿನ ಮಾತು ಬಂದಾಗ ಮುಂದಿದ್ದ ಹೆಂಗಸು ನಗುತ್ತ ಲಂಗಕ್ಕೆ ಕೈ ಒರೆಸಿದಳು, ಅದು ಯಾರಿಂದ ಶುರುವಾದದ್ದು ಎಂಬುದೂ ಅವಳಿಗೆ ಗೊತ್ತಿದ್ದಂತಿರಲಿಲ್ಲ. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕ ಮೇಲೆ ತನ್ನ ಬ್ರೆಡ್ಡು ತೆಗೆದುಕೊಂಡು ಬಂದು ಕಾರನ್ನು ಕಟ್ರೀನಳ ರಸ್ತೆಗೆ ತಿರುಗಿಸಿದ.

ಆ ಶನಿವಾರದಿಂದಲೇ ಅವನು ಕೊಳ್ಳಲು ಶುರುಮಾಡಿದ್ದು. ಹಾಡಹಗಲಲ್ಲಿ, ಎಲ್ಲರಿಗೂ ಕಾಣುವಂತೆ, ಕಾರನ್ನು ಕಟ್ಟೆಯ ಎದುರಿಗೇ ನಿಲ್ಲಿಸಿ, ಎರಡು ಹೂಕೋಸು ಆರಿಸಿ, ಡಬ್ಬಿಗೆ ಕಾಸು ಹಾಕಿ, ಸದ್ದಾಗುವಂತೆ ಅಲ್ಲಾಡಿಸಿ ಬೇರೆ. ಹೊಲದ ನಡುವಿನಿಂದ ಕಟ್ರೀನ್ ಕೈಯೆತ್ತಿದಳು. ಆ ಕೈಯನ್ನು ನೋಡಿ ಅವನ ಎದೆ ಹಗುರಾಯಿತು, ಆ ಹಗುರ ಮನೆಯ ಬಾಗಿಲವರೆಗೆ ಇತ್ತು. ಹಿಲ್ಡೆ ಮೇಜಿನ ಮೇಲಿನ ಕೆಂಪು ನೂಲನ್ನು ನೋಡಿದಳು, ಅವನನ್ನು ನೋಡಿದಳು. "ಆಹಾ. ನೀನು ಗರಾಜಲ್ಲಿ ಕೈ ತೊಳ್ಕೊಂಡು ಒಳಗೆ ಬರೋನು, ಇದು ನೆಟ್ಟಗೆ ಮೇಜಿನ ಮೇಲೇ ಬಂತಲ್ಲ." ಆಮೇಲೆ ತಮಾಷೆ ಬಿಟ್ಟು ಹೇಳಿದಳು, "ನೀನು ತಿಂದ್ರೆ ನಾನೂ ತಿಂತೀನಿ. ಒಳ್ಳೇದೋ ಕೆಟ್ಟದ್ದೋ ನಿಂಗೆ ಗೊತ್ತಿರೋವಷ್ಟು ನಂಗೆ ಗೊತ್ತಿಲ್ಲ. ಬಿಳಿ ಸಾಸ್ ಹಾಕಿ ಮಾಡ್ಲಾ?" ಅವನು ಹಸಿವಿಲ್ಲ ಎಂದ. ಹೆಂಡತಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವ ದಾರಿಯನ್ನೂ ಅವಳು ಅಷ್ಟರಲ್ಲಿ ಮುಚ್ಚಿಬಿಟ್ಟಿದ್ದಳು. ಮನೆಯ ತರಕಾರಿ ಕಸದ ಡಬ್ಬ ಗುರುವಾರ ರಸ್ತೆಗೆ ಬರುತ್ತದೆ, ಅಕ್ಕಪಕ್ಕದವರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಭಾನುವಾರವೆಲ್ಲ ಹೂಕೋಸು ಗರಾಜಿನಲ್ಲಿತ್ತು, ಸೋಮವಾರ ಬೆಳಿಗ್ಗೆ ಅವನ ಜೊತೆ ಕೆಲಸಕ್ಕೆ ಬಂತು, ಜರಡಿಯಲ್ಲಿ ಸಿಕ್ಕ ಕೂದಲು ಚಿಂದಿಗಳನ್ನು ತುಂಬುವ ಕಬ್ಬಿಣದ ತೊಟ್ಟಿಗೆ ಬಿತ್ತು.

ಹದಿನೇಳು ಶನಿವಾರ. ಪ್ರತಿ ಸಲವೂ ಈ ಸಲ ತಿನ್ನುತ್ತೇನೆ ಎಂದೇ ಕೊಂಡ. ಸೆಪ್ಟೆಂಬರಿನಲ್ಲಿ ಒಂದು ದಿನ ಇದೇ ಮೇಜಿನ ಹತ್ತಿರ, ಬಾಗಿಲು ಹಾಕಿಕೊಂಡು, ಒಂದು ಚೂರು ಹಸಿಯದನ್ನೇ ಕತ್ತರಿಸಿ ಬಾಯಿಗಿಟ್ಟ. ಹಲ್ಲು ಕಚ್ಚಿತು, ಗಂಟಲು ಒಲ್ಲೆನೆಂದಿತು. ಉಗುಳಲೂ ಆಗದೆ ನುಂಗಲೂ ಆಗದೆ ಕಣ್ಣಲ್ಲಿ ನೀರು ಬರುವವರೆಗೆ ಕೂತು, ಕೊನೆಗೆ ಉಗುಳಿದ. ಆ ದಿನದ ಪರೀಕ್ಷೆಯ ಫಲಿತಾಂಶ ಎದುರಿಗೇ ಇತ್ತು, ಎಲ್ಲ ಅಂಕಿಯೂ ಇರಬೇಕಾದ್ದಕ್ಕಿಂತ ಕೆಳಗೆ. ಮನೆಯಲ್ಲಿ ಅವನು ಸ್ಪೇನಿನ ಟೊಮೆಟೊ ತಿನ್ನುತ್ತಿದ್ದ, ಎಲ್ಲಿಯದೋ ಬೀನ್ಸು ತಿನ್ನುತ್ತಿದ್ದ, ಅವಕ್ಕೆ ಯಾವ ನೀರು ಬಿಟ್ಟಿದ್ದರು ಎಂದು ಎಂದಾದರೂ ಕೇಳಿದ್ದನೇ? ತನ್ನ ಕೈಯಾರೆ ತೊಳೆದ ನೀರೊಂದೇ ಅವನಿಗೆ ಬೇಡವಾಗಿತ್ತು. ಊರಿನವರದ್ದು ಅಜ್ಞಾನ, ಅವರಿಗೆ ಕ್ಷಮೆ ಉಂಟು. ತನ್ನದಕ್ಕೆ ಏನು ಹೆಸರು ಎಂದು ಅವನಿಗೆ ತಿಳಿಯಲಿಲ್ಲ. ಮುಂದಿನ ಶನಿವಾರ ಮತ್ತೆ ಹೋಗಿ ಎರಡು ಆರಿಸಿದ, ಕಟ್ರೀನ್ ಮತ್ತೆ ಕೈಯೆತ್ತಿದಳು.

ಈಗ ಹೊಲವನ್ನು ಕೋರ್ಟ್ರೈಕ್ ಪಟ್ಟಣದ ಹಲ್ಲಿನ ಡಾಕ್ಟರೊಬ್ಬರು ಕೇಳಿದ್ದಾರಂತೆ, ಕುದುರೆ ಮೇಯಿಸಲು. ಇವತ್ತು ಸಹಿ ಬಿದ್ದರೆ ಕೊಳವೆ ಮುಚ್ಚುತ್ತದೆ, ಡಿಸೆಂಬರಿಗೆ ಹೊಲದ ಸುತ್ತ ಬೇಲಿ ಏಳುತ್ತದೆ, ನಾಲ್ಕು ತಲೆಮಾರು ಹೂಕೋಸು ಬೆಳೆದ ಮಣ್ಣಿನ ಮೇಲೆ ಕುದುರೆ ನಿಲ್ಲುತ್ತದೆ. ಬೀಗದ ಕೈ ಮೇಜಿಗೆ ತಾಗುವ ಮೊದಲು ಹೇಳಿಬಿಡಬೇಕು ಎಂದು ಅವನು ಬೆಳಗಿನಿಂದ ಮಾತು ಜೋಡಿಸುತ್ತಿದ್ದ. ನಿನ್ನ ವ್ಯಾಪಾರ ಕೆಡಿಸಿದ್ದು ನೀರಲ್ಲ, ನನ್ನ ಕೈ. ಕೊಂಡದ್ದನ್ನು ನಾನು ತಿನ್ನಲಿಲ್ಲ. ಇನ್ನೊಂದು ವರ್ಷ ಇರು, ಹೊಳೆಯ ವಿಷಯ ಎಲ್ಲರೆದುರು ಹೇಳುತ್ತೇನೆ. ಇಷ್ಟೇ ಮಾತು. ಹೇಳಿದರೆ ಅವಳು ನಿಂತರೂ ನಿಂತಾಳು. ಜೋಡಿಸಿದ ಮಾತು ಪ್ರತಿ ಸಲ ಹೂಕೋಸು ಎಸೆದ ಕಸದ ತೊಟ್ಟಿಯ ಹತ್ತಿರ ಬಂದು ನಿಲ್ಲುತ್ತಿತ್ತು, ಯಾಕೆಂದರೆ ಆ ಹದಿನೇಳು ಶನಿವಾರವನ್ನು ಅವಳಿಂದ ಕಿತ್ತುಕೊಂಡರೆ ಅವಳಿಗೆ ಈ ಬೇಸಿಗೆಯಲ್ಲಿ ಉಳಿಯುವುದೇನು. ಅಥವಾ ಅದು ಅವಳ ಮೇಲಿನ ಕನಿಕರವೋ, ಅವಳ ಎತ್ತಿದ ಕೈಯ ಮೇಲಿನ ತನ್ನ ಆಸೆಯೋ. ಮೂರಕ್ಕೆ ಐದು ನಿಮಿಷ ಇರುವಾಗ ಸೈಕಲ್ಲಿನ ಗಂಟೆ ಕೇಳಿಸಿತು.

ಕಟ್ರೀನ್ ಮಂಜಿನಲ್ಲಿ ನೆಂದ ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಥರ್ಮಾಸು. ಎರಡನ್ನೂ ಒಟ್ಟಿಗೇ ಮೇಜಿನ ಮೇಲಿಟ್ಟಳು, ಅವನು ಬಾಯಿ ತೆರೆಯುವಷ್ಟೂ ಪುರುಸೊತ್ತಾಗಲಿಲ್ಲ.

"ಏನೇ ಇದು?"

"ಸೂಪು. ಹೂಕೋಸಿಂದು. ಕೂತ್ಕೋ, ತಣ್ಣಗಾಗುತ್ತೆ."

"ಈಗ್ಯಾಕೆ ಇದೆಲ್ಲ..."

"ಬೇಡ ಅನ್ಬೇಡ ಕಣೋ. ಈ ಬೇಸಿಗೇಲಿ ನನ್ನ ಕಟ್ಟೆ ಮುಂದೆ ಕಾರು ನಿಲ್ಲಿಸ್ದೋನು ನೀನೊಬ್ನೇ. ಅಮ್ಮ ಮಾಡ್ತಿದ್ದ ಥರಾನೇ ಮಾಡಿದೀನಿ, ಜಾಯಿಕಾಯಿ ಹಾಕಿ."

ಅವಳು ಮುಚ್ಚಳಕ್ಕೆ ಬಗ್ಗಿಸಿದಳು. ಬೆಂದ ಹೂಕೋಸಿನ ವಾಸನೆ ಯಾವತ್ತೂ ಒಂದು ತೂಕ ಕೊಳಗಳ ವಾಸನೆಯ ಕಡೆಗೇ ವಾಲುತ್ತದೆ; ಅದು ಆ ತರಕಾರಿಯ ಗುಣ, ಯಾವ ನೀರಿನಲ್ಲಿ ಬೆಳೆದರೂ ಅಷ್ಟೇ. ಗೊತ್ತಿದ್ದರೂ ಅವನು ಮುಚ್ಚಳವನ್ನು ಮೂಗಿನಿಂದ ದೂರ ಹಿಡಿದ. ಅವಳು ಎದುರಿಗೆ ಕೂತು ನೋಡುತ್ತಿದ್ದಳು. ಚರ್ಚಿನ ಸಭೆಯ ಆ ಲೋಟ, ಆ ಸಾಲುಗಳು, ಆ ನಗು, ಎಲ್ಲ ಒಮ್ಮೆ ಬಂದು ಹೋದವು. ಈ ಸಲವೂ ಕೆಳಗಿಟ್ಟರೆ ನಾನು ಮನುಷ್ಯನೇ ಅಲ್ಲ ಎಂದುಕೊಂಡು ಕಣ್ಣು ಮುಚ್ಚಿ ಒಂದು ಗುಟುಕು ಎಳೆದ. ಇಳಿಯಿತು. ಇನ್ನೊಂದು ಎಳೆದ, ಅದೂ ಇಳಿಯಿತು. ಬಿಸಿ, ಉಪ್ಪು, ಬೆಣ್ಣೆ, ಹಿಂದೆಲ್ಲೋ ಜಾಯಿಕಾಯಿ. ಒಲೆಯ ಪಕ್ಕದ ಬುಟ್ಟಿ, ಏಪ್ರನ್ನಿನ ಒರಟು ಬಟ್ಟೆ. ಇಷ್ಟೇನಾ ಎಂದು ಅವನಿಗೆ ಅಚ್ಚರಿಯಾಯಿತು. ಇಷ್ಟಕ್ಕಾಗಿಯೇ ಹದಿನೇಳು ವಾರ ಒದ್ದಾಡಿದೆನೇ? ಮುಚ್ಚಳ ಬರಿದುಮಾಡಿ ತಾನೇ ಮತ್ತೆ ಬಗ್ಗಿಸಿಕೊಂಡು ಅದನ್ನೂ ಕುಡಿದ. ಕಣ್ಣು ಒದ್ದೆಯಾಗಿತ್ತು. ಹೇಳಬೇಕಾದ್ದು ಈಗ ತಾನಾಗಿ ಬಾಯಿಗೆ ಬಂತು.

"ಕಟ್ರೀನ್, ನಾನೊಂದು ವಿಷಯ ಹೇಳ್ಬೇಕು. ಶನಿವಾರ ಶನಿವಾರ ಒಯ್ತಿದ್ನಲ್ಲ. ಅದ್ರಲ್ಲಿ ಒಂದನ್ನೂ ತಿನ್ಲಿಲ್ಲ ಕಣೇ."

"ಗೊತ್ತು."

"ಏನು ಗೊತ್ತು?"

"ನನ್ನ ವಾಲ್ವ್ ಇರೋದು ನಿನ್ನ ಕಸದ ತೊಟ್ಟಿ ಪಕ್ಕದಲ್ಲೇ ಅಲ್ವೇನೋ. ಕೆಂಪು ಉಲ್ಲನ್ ನೂಲು ಕಣ್ಣಿಗೆ ಹೊಡೆಯುತ್ತೆ. ಮೊದಲನೇ ಸೋಮವಾರ, ಪಾಪ, ಇವನಿಗೆ ಹುಷಾರಿಲ್ವೇನೋ ಅಂದ್ಕೊಂಡೆ. ಎರಡನೇ ಸೋಮವಾರ ಅರ್ಥ ಆಯ್ತು."

"ಮತ್ತೆ ಯಾಕೆ ಕೈ ಎತ್ತುತ್ತಿದ್ದೆ?"

"ಬಂದೋರಿಗೆ ಕೈ ಎತ್ತಲ್ವಾ," ಎಂದಳು ಕಟ್ರೀನ್. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಎಸೆಯೋಕಾದ್ರೂ ಒಬ್ಬ ಬರ್ತಾನಲ್ಲ ಅನ್ನಿಸ್ತಿತ್ತು. ಅಕ್ಟೋಬರಿಂದು ಮಾತ್ರ ಎಸೀಬಾರ್ದಿತ್ತು ನೀನು. ಭಾಳ ಚೆನ್ನಾಗಿ ಬಂದಿತ್ತು ಅದು."

ಅವನು ಬೀಗದ ಕೈಯನ್ನು ಅವಳ ಕಡೆಗೆ ತಳ್ಳಿದ. "ಸಹಿ ಹಾಕ್ಬೇಡ. ನನ್ನ ಮಾತು ಕೇಳು. ಎಲ್ಲಾನೂ ಕೆಡಿಸಿದ್ದು ನಾನು, ನನ್ನ ಈ ಕೈ. ಬರೋ ಭಾನುವಾರ ಪೂಜೆ ಮುಗಿದ ಮೇಲೆ ಅದೇ ಚರ್ಚ್ ಹಾಲಲ್ಲಿ, ಆ ರೋಲಾಂಡ್ ಮುಂದೆ, ನಿನ್ನ ಹೂಕೋಸಿನ ಸೂಪು ಒಂದು ಪಾತ್ರೆ ಕುಡಿದು ತೋರಿಸ್ತೀನಿ. ಹೊಳೆ ವಿಷಯಾನೂ ಹೇಳ್ತೀನಿ. ನನ್ನ ಕೈಲಿ ಆಗುತ್ತೆ ಕಣೇ. ಈಗ ನೋಡ್ದೆಯಲ್ಲ, ನಿನ್ನೆದುರಿಗೇ ಕುಡಿದ್ನಲ್ಲ."

ಕಟ್ರೀನ್ ಬರಿದಾದ ಮುಚ್ಚಳವನ್ನು ನೋಡಿದಳು.

"ಅದು ನಂದಲ್ಲ ಕಣೋ," ಎಂದಳು.

"ಅಂದ್ರೆ?"

"ರೂಸೆಲಾರೆ ಪೇಟೆ ಸೂಪರ್ ಮಾರ್ಕೆಟ್ಟಿನ ಹೂಕೋಸು. ಪ್ಲಾಸ್ಟಿಕ್ ಸುತ್ತಿ ಇಟ್ಟಿರ್ತಾರಲ್ಲ, ಅದು. ನಂದಾದ್ರೆ ನಿಂಗೆ ಇಳಿಯಲ್ಲ ಅಂತ ಗೊತ್ತಿತ್ತು. ಹೋಗೋ ಹೊತ್ತಲ್ಲಿ ನಿನ್ನ ಯಾಕೆ ಹಿಂಸೆ ಮಾಡ್ಲಿ. ಕುಡಿದಾದ್ಮೇಲೆ, ಇದು ಅಂಗಡೀದು, ಹೆದರ್ಬೇಡ ಅಂತ ಹೇಳೋಣ ಅಂತಿದ್ದೆ."

ಅವನು ನಾಲಿಗೆಯಿಂದ ಬಾಯೊಳಗೆಲ್ಲ ಹುಡುಕಿದ. ಬೆಣ್ಣೆ, ಉಪ್ಪು, ಜಾಯಿಕಾಯಿ, ಅದೇ ಇತ್ತು. ಅದಕ್ಕೇನಾ ಅಷ್ಟು ಸುಲಭವಾಗಿ ಇಳಿದದ್ದು? ನಾಲಿಗೆಗೆ ಮೊದಲೇ ಗೊತ್ತಾಗಿತ್ತೇ? ಇಲ್ಲ, ಅವನು ಗುಟುಕು ಎಳೆದದ್ದು ಅವಳದೆಂದೇ, ದೇವರಾಣೆಗೂ ಅವಳದೆಂದೇ. ಆದರೆ ತನ್ನ ಮೈಯ ಪರವಾಗಿ ಆಣೆ ಇಡುವ ಅಧಿಕಾರವನ್ನು ಅವನು ಮಾರ್ಚಿನಲ್ಲೇ ಕಳೆದುಕೊಂಡಿದ್ದ.

"ನಿಂದು ಒಂದಾದ್ರೂ ತಂದ್ಕೊಡು. ಈಗ್ಲೇ. ಹಸೀದೇ ತಿಂತೀನಿ."

"ಎಲ್ಲಿಂದ ತರ್ಲಿ? ಮೊನ್ನೆ ಪೂರ್ತಿ ಉತ್ತುಬಿಟ್ಟೆ. ಡಾಕ್ಟ್ರು ನಾಳೆ ಹುಲ್ಲಿನ ಬೀಜ ಕಳಿಸ್ತಾರಂತೆ." ಅವಳು ಕಾಗದ ಎಳೆದುಕೊಂಡು, ಶಾಲೆಯಲ್ಲಿ ಬರೆಯುತ್ತಿದ್ದ ಅದೇ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದಳು. ಆಮೇಲೆ ಎದ್ದು ಕೋಟು ಹಾಕಿಕೊಂಡಳು.

"ಅದು ನಿಂದೇ ಆಗಿದ್ರೂ ಕುಡೀತಿದ್ದೆ ಕಣೇ," ಎಂದ ಫಿರ್ಮಿನ್. "ನಿಂದೇ ಅಂದ್ಕೊಂಡೇ ಕುಡ್ದೆ."

ಕಟ್ರೀನ್ ಗುಂಡಿ ಹಾಕಿಕೊಳ್ಳುತ್ತಿದ್ದವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು, ನಂಬಬೇಕೆಂದು ಅವಳಿಗೆ ಮನಸ್ಸಿದ್ದಂತೆಯೇ ಇತ್ತು. "ಕುಡೀತಿದ್ಯೇನೋ," ಎಂದಳು. "ಇನ್ನು ಹೇಗೆ ಗೊತ್ತಾಗುತ್ತೆ ಹೇಳು." ಥರ್ಮಾಸು ಆಮೇಲೆ ಯಾವಾಗಲಾದರೂ ಕೊಟ್ಟರೆ ಸಾಕು ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು.

ಸೈಕಲ್ಲು ಮಂಜಿನಲ್ಲಿ ಮರೆಯಾಗುವವರೆಗೆ ಅವನು ಕಿಟಕಿಯ ಹತ್ತಿರ ನಿಂತಿದ್ದ. ಬೆರಳುಗಳಿಗೆ ಸೂಪು ತಾಗಿ ಅಂಟಂಟಾಗಿತ್ತು. ಕೈ ಅಭ್ಯಾಸದಂತೆ ಪ್ಯಾಂಟಿನ ಕಡೆಗೆ ಇಳಿಯಿತು. ಅದನ್ನು ಅರ್ಧದಲ್ಲೇ ತಡೆದು ಹಿಡಿದುಕೊಂಡ. ಒರೆಸಿಕೊಳ್ಳಲಿಲ್ಲ. ನೋಡುವವರು ಅಲ್ಲಿ ಯಾರೂ ಇರಲಿಲ್ಲ.